ಅರಿಶಿನ ಹಚ್ಚಿದ ಬಿಲ್ಲು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಥೆ ಹೇಳುವುದು ನನ್ನ ಕಸುಬಲ್ಲ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಜೆರಾಕ್ಸ್ ಮತ್ತು ಡಿ.ಟಿ.ಪಿ. ಅಂಗಡಿ ಇಟ್ಟುಕೊಂಡಿರುವವನು ನಾನು. ಹಗಲು ಟೈಪು ಮಾಡುತ್ತಾ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದಿದವನು. ಆದ್ದರಿಂದ ನನಗೆ ಭಾಷೆ ಸ್ವಲ್ಪ, ಲೆಕ್ಕ ಸ್ವಲ್ಪ, ಎರಡರ ಬಗ್ಗೆಯೂ ಹೆದರಿಕೆ ಬೇಕಾದಷ್ಟು. ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ನಮ್ಮ ಬೀದಿಯಲ್ಲೇ ಇದ್ದಾರೆ. ಆದರೆ ಅವರು ಹೇಳಿದಾಗಲೆಲ್ಲ ಅವತ್ತು ಬಂದಿದ್ದ ಜನ ಹೆಚ್ಚಾಗುತ್ತಿದ್ದಾರೆ. ಈಚೆಗೆ ಒಬ್ಬರು ವಾಲಗದವರನ್ನೂ ಸೇರಿಸಿಬಿಟ್ಟರು. ವಾಲಗ ಇರಲಿಲ್ಲ. ಅಷ್ಟನ್ನಾದರೂ ಸ್ಪಷ್ಟಪಡಿಸೋಣವೆಂದು ಬರೆಯುತ್ತಿದ್ದೇನೆ, ತಪ್ಪಿದ್ದರೆ ಮನ್ನಿಸಬೇಕು.

ನನ್ನ ಅಂಗಡಿಯ ಎದುರಿಗಿರುವುದು ಕೃಷ್ಣಪ್ಪನವರ ಮನೆ. ಅವರು ವೈರಿಂಗ್ ಕಂಟ್ರಾಕ್ಟರ್. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಹೊಸ ಮನೆ ಎದ್ದರೆ ಅದರ ಗೋಡೆಯೊಳಗೆ ಅವರ ವೈರು ಓಡಿರುತ್ತದೆ. ಹರಿಯುವ ಕರೆಂಟಿಗೆ ಅವರು ಹೆದರಿದ್ದನ್ನು ಯಾರೂ ಕಂಡಿಲ್ಲ. ಕೂಲಿ ಕೇಳುವಾಗ ಮಾತ್ರ ಅವರಿಗೆ ಶಾಕ್ ಹೊಡೆಯುತ್ತದೆ.

"ಎಷ್ಟಾಯ್ತು ಕೃಷ್ಣಪ್ಪ?" ಎಂದು ಮನೆಯವರು ಕೇಳಿದರೆ, "ನೀವೇ ನೋಡ್ಕೊಡಿ ಸಾ" ಎನ್ನುತ್ತಿದ್ದರು. ಮನೆಯವರು ನೋಡುತ್ತಿದ್ದರು. ನೋಡಿ, "ಗೃಹಪ್ರವೇಶ ಕಳೀಲಿ" ಎನ್ನುತ್ತಿದ್ದರು. ಗೃಹಪ್ರವೇಶದ ದಿನ ಎಲ್ಲರೆದುರಿಗೆ ಕರೆದು ಶಲ್ಯ ಹೊದಿಸಿ, ತಾಂಬೂಲ ಕೊಟ್ಟು, ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಿಸುತ್ತಿದ್ದರು. ಶಲ್ಯ ಹೊದ್ದ ಮನುಷ್ಯ, ಬಾಯಲ್ಲಿ ಹೋಳಿಗೆ ಇಟ್ಟುಕೊಂಡು, ಬಾಕಿ ಕೇಳುವುದು ಹೇಗೆ? ಹೀಗಾಗಿ ಕೃಷ್ಣಪ್ಪನವರ ಬೀರುವಿನಲ್ಲಿ ಹಣವಿರಲಿಲ್ಲ, ಶಲ್ಯಗಳಿದ್ದವು.

ಲೆಕ್ಕ ಬರೆದಿಡುತ್ತಿರಲಿಲ್ಲ ಎಂದಲ್ಲ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೀಟರ್ ಬೋರ್ಡಿನ ಪಕ್ಕದ ಗೋಡೆಯ ಮೇಲೆ ಅಂದಂದಿನ ಕೆಲಸವನ್ನು ಅಂದಂದೇ ಬರೆಯುತ್ತಿದ್ದರು. ಆಮೇಲೆ ಪೇಂಟರ್ ಬಂದು ಪುಟ್ಟಿ ಬಳಿದು, ಅದರ ಮೇಲೆ ತಿಳಿಹಳದಿ ಬಳಿದು ಹೋಗುತ್ತಿದ್ದ.

"ಲೆಕ್ಕ ಎಲ್ಲಣ್ಣ?" ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಎಲ್ಲೂ ಓಗಿಲ್ಲ ಕಣಪ್ಪ, ಬಣ್ಣದ ಕೆಳಗೆ ಅಂಗೇ ಐತೆ" ಎಂದು ನೆಮ್ಮದಿಯಿಂದ ಹೇಳಿದ್ದರು.

ಈ ನೆಮ್ಮದಿಯನ್ನು ಕೆಡಿಸಿದವರು ಹಾಸನದ ಚಂದ್ರಮೌಳಿಯವರು. ಕೃಷ್ಣಪ್ಪನವರಿಗೆ ವೈರು, ಸ್ವಿಚ್ಚು, ಪೈಪುಗಳನ್ನೆಲ್ಲ ಸಾಲದ ಮೇಲೆ ಕೊಡುವ ಅಂಗಡಿ ಅವರದು. ಕೃಷ್ಣಪ್ಪನವರು ಹುಟ್ಟಿದ ಮೇಲೆ ಒಪ್ಪಿಕೊಂಡ ಅತಿ ದೊಡ್ಡ ಕೆಲಸವಾದ ಒಂದು ಹಾಸ್ಟೆಲ್ ಕಟ್ಟಡಕ್ಕೆ ವೈರು ತರಲು ಹೋದ ದಿನ, ಚಂದ್ರಮೌಳಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಪ್ಪ ಕೃಷ್ಣಪ್ಪ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಈ ತಿಂಗಳು ಮುಗಿಯೋದ್ರೊಳಗೆ ಹಳೇ ಬಾಕಿ ಬರ್ಲಿಲ್ಲ ಅಂದ್ರೆ ನನ್ನ ಅಂಗಡೀಲಿ ನಿನಗೆ ಒಂದು ಮೊಳ ವೈರೂ ಇಲ್ಲ."

"ನಂಗೂ ಜನ ಕೊಡ್ಬೇಕು ಸಾ."

"ಬಿಲ್ ಕೊಟ್ಟಿದ್ದೀಯಾ ಅವರಿಗೆ?"

"ಬಿಲ್ಲಾ?" ಎಂದರು ಕೃಷ್ಣಪ್ಪ, ಯಾರಿಗಾದರೂ ಹೊಡೆದಿದ್ದೀಯಾ ಎಂದು ಕೇಳಿದವರನ್ನು ನೋಡುವಂತೆ.

ವೈರಿಲ್ಲದಿದ್ದರೆ ಹಾಸ್ಟೆಲ್ ಕೆಲಸ ಬೇರೆಯವರ ಪಾಲು. ಹಾಸ್ಟೆಲ್ ಕೆಲಸ ಹೋದರೆ ಹಾಸನದಲ್ಲಿ ಡಿಪ್ಲೊಮಾ ಓದುತ್ತಿದ್ದ ಮಗಳು ನಿಸರ್ಗಳ ಫೀಸು ಕಟ್ಟುವ ದಾರಿಯೂ ಹೋಯಿತು. ಕೃಷ್ಣಪ್ಪನವರ ಮುಖ ನೋಡಲಾಗದೆ ಚಂದ್ರಮೌಳಿಯವರೇ ಒಂದು ಉಪಾಯ ಹೇಳಿದರು. ಕಂಟ್ರಾಕ್ಟರುಗಳ ಸಂಘದವರು ಹಾಸನದಲ್ಲಿ ಒಂದು ದಿನದ ಶಿಬಿರ ಇಟ್ಟಿದ್ದಾರೆ, 'ಉತ್ತಮ ಬಿಲ್ಲಿಂಗ್ ಅಭ್ಯಾಸಗಳು' ಅಂತ. ಊಟ ಉಚಿತ. ಹೋಗಿ ಬಾ.

ಕೃಷ್ಣಪ್ಪ ಒಂದು ಶಲ್ಯ ಹೊದ್ದುಕೊಂಡು ಹೋದರು.

ಪಾಠ ಹೇಳಿದವನು ಸುದರ್ಶನ್ ಎಂಬ ಹುಡುಗ, ಕೋಟು ಹಾಕಿದ್ದನಂತೆ. ಅವನು ಹೇಳಿದ್ದೆಲ್ಲ ನ್ಯಾಯವಾಗಿಯೇ ಇತ್ತು. ಬಿ.ಕಾಂ. ಓದಿದ ನನಗೆ ಅದರಲ್ಲಿ ಒಂದು ತಪ್ಪೂ ಕಂಡಿಲ್ಲ. ಬಿಲ್ಲನ್ನು ಅಚ್ಚು ಹಾಕಿಸಿ ಒಳ್ಳೆಯ ಕವರಿನಲ್ಲಿಡಿ. ಮಾಡಿದ ಕೆಲಸವನ್ನು ಒಂದೂ ಬಿಡದೆ, ಯಾಕೆ ಮಾಡಿದಿರಿ ಎಂಬುದರ ಸಮೇತ ಬರೆಯಿರಿ. ಹಣ ಕೊಡುವ ದಿನ, ಹೊತ್ತು, ಜಾಗ ಕವರಿನ ಮೇಲೇ ದೊಡ್ಡದಾಗಿ ಕಾಣಲಿ. ನೀವೇ ಹೋಗಿ ಗೌರವದಿಂದ ಕೈಗೆ ಕೊಡಿ, ಒಗೆದ ಬಟ್ಟೆ ಹಾಕಿಕೊಂಡು ಹೋಗಿ, ಜೊತೆಗೊಬ್ಬರು ಸಾಕ್ಷಿ ಇರಲಿ. ಮೊತ್ತದ ಮಾತನ್ನು ಬಾಯಲ್ಲಿ ಎತ್ತಬೇಡಿ. ಹಣ ಬಂದ ಕೂಡಲೇ ರಸೀದಿ ಕೊಡಿ. ನೀವು ಯಾರಿಗೆ ಬಾಕಿ ಇದ್ದೀರೋ ಅವರಿಗೂ ನಿಮ್ಮ ವಸೂಲಿಯ ದಿನ ತಿಳಿಸಿ, ನಂಬಿಕೆ ಬರುತ್ತದೆ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಕೃಷ್ಣಪ್ಪ ಒಬ್ಬರೇ ಉಳಿದು ಕೇಳಿದರಂತೆ: "ಸಾ, ಬಿಲ್ ಕೊಟ್ರೆ ಬೇಜಾರ್ ಮಾಡ್ಕಳಲ್ವಾ?"

"ಕೊಡೋ ರೀತೀಲಿ ಕೊಟ್ರೆ ಯಾರೂ ಬೇಜಾರ್ ಮಾಡ್ಕೊಳ್ಳಲ್ಲ ಸರ್. ಖುಷಿಯಾಗಿ ಇಸ್ಕೋತಾರೆ, ನೋಡಿ ಬೇಕಾದ್ರೆ."

ಈ ಮಾತು ಅಕ್ಷರಶಃ ನಿಜವಾಯಿತು. ಸುದರ್ಶನನನ್ನು ಯಾರೂ ದೂರುವಂತಿಲ್ಲ.

ಮಾರನೆಯ ದಿನದಿಂದ ಕೃಷ್ಣಪ್ಪ ನನ್ನ ಅಂಗಡಿಯಲ್ಲಿ ಕುಳಿತು ಬಿಲ್ಲು ಬರೆಸತೊಡಗಿದರು. ಗೋಡೆಯ ಲೆಕ್ಕ ಬಣ್ಣದ ಕೆಳಗಿದ್ದರೂ ಅವರ ತಲೆಯಲ್ಲಿ ಒಂದು ಪಾಯಿಂಟೂ ಅಳಿಸಿರಲಿಲ್ಲ. ಯಾವ ಮನೆಯ ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನೆನಪಿರುವವರಿಗೆ ಅದು ಯಾಕೆ ಹೋಯಿತೆಂಬುದೂ ನೆನಪಿರುತ್ತದೆ. "ಇದೆಲ್ಲ ಬೇಕಾ ಅಣ್ಣ?" ಎಂದು ನಾನು ಅಳುಕುತ್ತಲೇ ಕೇಳಿದೆ. "ಒಂದೂ ಬುಡಂಗಿಲ್ಲ ಅಂತ ಮೇಷ್ಟ್ರು ಯೋಳವ್ರೆ, ಹೊಡಿ" ಎಂದರು. ಹೊಡೆದೆ.

ಕವರಿಗೆ ಖರ್ಚು ಮಾಡಲಿಲ್ಲ. ಕೃಷ್ಣಪ್ಪನವರ ಅಣ್ಣನ ಮಗಳ ಮದುವೆಯಲ್ಲಿ ಉಳಿದಿದ್ದ ಕವರುಗಳು ಅವರ ಮನೆಯ ಅಟ್ಟದ ಮೇಲಿದ್ದವು. ಗುಲಾಬಿ ಬಣ್ಣ, ಮೂಲೆಯಲ್ಲಿ ಹೊಳೆಯುವ ಗಣಪತಿ, ಬೇರೇನೂ ಅಚ್ಚಾಗಿರಲಿಲ್ಲ. ಅದರ ಮೇಲೆ ಕೃಷ್ಣಪ್ಪ ಹೇಳಿದಂತೆ ದಪ್ಪಕ್ಷರದಲ್ಲಿ ಹೊಡೆದುಕೊಟ್ಟೆ: 'ಇದೇ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಹತ್ತರ ಮೇಲೆ, ಸ್ಥಳ: ನಮ್ಮ ಸ್ವಗೃಹ.' ಕೆಳಗೆ 'ಕೃಷ್ಣಪ್ಪ ಮತ್ತು ಕುಟುಂಬ'. ಕುಟುಂಬ ಯಾಕೆಂದರೆ ಸಾಕ್ಷಿಗೆ ಹೆಂಡತಿ ಅನಸೂಯಮ್ಮ ಹೋಗುವುದೆಂದು ತೀರ್ಮಾನವಾಗಿತ್ತು.

ಸಂಜೆ ಕವರುಗಳ ಕಟ್ಟು ಮನೆಗೆ ಹೋಯಿತು. ಕೃಷ್ಣಪ್ಪನವರ ತಾಯಿ ಚಿಕ್ಕಲಕ್ಷ್ಮಮ್ಮನವರು ಅದನ್ನು ದೇವರ ಮುಂದೆ ಇಡಿಸಿದರು. ಈ ಮನೆಗೆ ಹೊಸ ಗಾಡಿ ಬರಲಿ, ಹೊಸ ಮಿಕ್ಸಿ ಬರಲಿ, ಅರಿಶಿನ ಕುಂಕುಮ ಕಾಣದೆ ಬಳಕೆಗೆ ಬಂದದ್ದಿಲ್ಲ. ಮೊಟ್ಟಮೊದಲ ಬಿಲ್ಲು ಕಾಣದಿರುತ್ತದೆಯೇ? ಅನಸೂಯಮ್ಮ ಬಟ್ಟಲಲ್ಲಿ ಅರಿಶಿನ ಕಲೆಸಿ ಪ್ರತಿ ಕವರಿನ ನಾಲ್ಕು ಮೂಲೆಗೂ ಬೆರಳು ಅದ್ದಿ ಹಚ್ಚಿದರು.

"ಇನ್ನೊಬ್ರ ಮನೆ ಬಾಗ್ಲಲ್ಲಿ ಬರಿಗೈಲಿ ನಿಂತ್ಕಂಡು ಕಾಗ್ದ ಕೊಡ್ಬ್ಯಾಡಿ ಕಣ್ಲಾ, ಬಿಕ್ಷೆ ಕೇಳ್ದಂಗಾಯ್ತದೆ" ಎಂದರು ಚಿಕ್ಕಲಕ್ಷ್ಮಮ್ಮ. "ತಟ್ಟೇಲಿ ಎಲೆ ಅಡಿಕೆ ಮಡ್ಗಿ ಕೊಡಿ."

"ಗೌರವದಿಂದ ಕೊಡಿ ಅಂತ ಮೇಷ್ಟ್ರೂ ಯೋಳವ್ರೆ" ಎಂದರು ಕೃಷ್ಣಪ್ಪ. ಎರಡು ವಿದ್ಯೆಗಳೂ ಒಂದೇ ಮಾತು ಹೇಳುತ್ತಿದ್ದುದರಿಂದ ಅವರಿಗೆ ಧೈರ್ಯ ಬಂತು.

ಮೊದಲು ಹೋದದ್ದು ಅರಕಲಗೂಡಿಗೆ, ಲಕ್ಕಯ್ಯನವರ ಮನೆಗೆ. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮನೆಯಲ್ಲಿ ಉಪ್ಪು ಕೇಳಿದರೂ ಕಕ್ಷಿದಾರರನ್ನು ಕೂಗಿದಂತೆ ಕೇಳುತ್ತದೆ. ಅವರ ಹೆಂಡತಿ ಪಾರ್ವತಮ್ಮ ಬಾಗಿಲು ತೆಗೆದವರು, ಪಂಚೆ ಉಟ್ಟ ಗಂಡ, ರೇಷ್ಮೆ ಸೀರೆಯ ಹೆಂಡತಿ, ತಟ್ಟೆ, ಅದರಲ್ಲಿ ಮೂಲೆಗೆ ಅರಿಶಿನ ಹಚ್ಚಿದ ಗುಲಾಬಿ ಕವರು, ಇಷ್ಟನ್ನೂ ಒಂದೇ ನೋಟಕ್ಕೆ ನೋಡಿ ಮುಖ ಅರಳಿಸಿದರು.

"ಬನ್ನಿ ಬನ್ನಿ! ರೀ, ಕೃಷ್ಣಪ್ಪೋರು ಬಂದವ್ರೆ, ಶುಭ ಸಮಾಚಾರ ತಂದವ್ರೆ! ಕುಂತ್ಕಳವ್ವ ಅನಸೂಯ, ಕಾಫಿ ಮಾಡ್ತೀನಿ."

ಬಿಲ್ಲು ಕೊಡಲು ಹೋದ ತನಗೆ ಇಂಥ ಸ್ವಾಗತ ಸಿಗುತ್ತದೆಂದು ಕೃಷ್ಣಪ್ಪ ಕನಸಿನಲ್ಲೂ ಎಣಿಸಿರಲಿಲ್ಲ. ಲಕ್ಕಯ್ಯನವರು ಕವರು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

"ಎಲ್ಲಾ ವಿವರ ಇದ್ರಲ್ಲೇ ಐತಾ ಕೃಷ್ಣಪ್ಪ?"

"ಎಲ್ಲಾ ಐತೆ ಸಾ. ಒಂದೂ ಬುಟ್ಟಿಲ್ಲ. ಆ ತಾರೀಕು ಮಾತ್ರ ತಪ್ಪಿಸ್ಬ್ಯಾಡಿ."

"ತಪ್ಪಿಸ್ತೀವಾ? ಮನೆಮಂದಿಯೆಲ್ಲ ಬತ್ತೀವಿ."

"ಮನೆಮಂದಿ ಯಾಕೆ ಸಾ, ಒಬ್ರು ಬಂದ್ರೆ ಸಾಕು."

"ಎಂಥ ಮಾತು ಆಡ್ತೀರ!" ಎಂದರು ಪಾರ್ವತಮ್ಮ. "ನಮ್ಮನೆ ದೀಪ ಹಚ್ಚಿದೋರು ನೀವು. ಅಲ್ವವ್ವ ಅನಸೂಯ, ಮಗಳು ಏನ್ ಓದ್ತಾವ್ಳೆ?"

"ಆಸನದಲ್ಲಿ ಡಿಪ್ಲೊಮಾ. ಅದ್ರ ಖರ್ಚೂ ಇದ್ರಲ್ಲೇ ಏಗ್ಬೇಕು ಪಾರ್ವತಕ್ಕ."

"ಖರ್ಚು ಇದ್ದಿದ್ದೇ ಬುಡು. ಎಲ್ಲಾರೂ ಒಂದೊಂದು ಕೈ ಹಾಕಿದ್ರೆ ಆಗೋಯ್ತದೆ."

ಅನಸೂಯಮ್ಮನಿಗೆ ಕಣ್ಣು ತುಂಬಿತು. ಬಾಕಿ ಇರುವವರು ಇಷ್ಟು ಒಳ್ಳೆಯವರೆಂದು ತಿಳಿದಿದ್ದರೆ ಇಷ್ಟು ವರ್ಷ ಸಂಕೋಚ ಪಡುತ್ತಿರಲಿಲ್ಲ ಎಂದು ದಾರಿಯುದ್ದಕ್ಕೂ ಹೇಳಿದರಂತೆ.

ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರದ ಅನಿಲ್‌ಕುಮಾರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಎಲ್ಲರಿಗಿಂತ ದೊಡ್ಡ ಬಾಕಿ ಅವನದು. "ಕೃಷ್ಣಪ್ಪಣ್ಣ, ನಂಗೆ ಕೊಡ್ದೆ ಇನ್ಯಾರಿಗೆ ಕೊಡ್ತೀರ? ಬೇಕಾದ್ರೆ ಹಿಂದಿನ ದಿನವೇ ಬಂದು ನಿಂತ್ಕತೀನಿ!"

"ಮೊದ್ಲೇ ಕೊಟ್ರೆ ಬ್ಯಾಡ ಅನ್ನಲ್ಲ ಕಣಪ್ಪ" ಎಂದರು ಕೃಷ್ಣಪ್ಪ ವಿನಯದಿಂದ.

ಯಾರಾದರೂ ಕವರು ತೆರೆದು ನೋಡಬಾರದಿತ್ತೇ ಎಂದು ನೀವು ಕೇಳಬಹುದು. ಪತ್ರಿಕೆ ಅಚ್ಚು ಹಾಕುವವನಾಗಿ ಸಂಕಟದಿಂದಲೇ ಹೇಳುತ್ತೇನೆ: ನಮ್ಮ ಕಡೆ ಮದುವೆ ಪತ್ರಿಕೆಯನ್ನು ಯಾರೂ ಓದುವುದಿಲ್ಲ. ದಿನ ನೋಡುತ್ತಾರೆ, ಜಾಗ ನೋಡುತ್ತಾರೆ, ಟಿವಿಯ ಹಿಂದೆ ಸಿಕ್ಕಿಸುತ್ತಾರೆ. ಆ ಎರಡನ್ನೂ ನಾವು ಕವರಿನ ಮೇಲೇ ದಪ್ಪಕ್ಷರದಲ್ಲಿ ಹಾಕಿದ್ದೆವು.

ಹಾಸನದ ಚಂದ್ರಮೌಳಿಯವರಿಗೂ, ಸುದರ್ಶನ್ ಹೇಳಿದಂತೆ, ವಸೂಲಿಯ ದಿನವನ್ನು ತಿಳಿಸುವ ಒಂದು ಕಾಗದ ಅಂಥದೇ ಕವರಿನಲ್ಲಿ ಹೋಯಿತು. ಅವರು ಅರಿಶಿನದ ಮೂಲೆ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು.

"ಅಯ್ಯೋ, ಇದನ್ನ ಮೊದಲೇ ಹೇಳಬಾರದಾ? ಮನೇಲಿ ಇಷ್ಟು ದೊಡ್ಡ ಕಾರ್ಯ ಇಟ್ಕೊಂಡಿರೋನ ಹತ್ರ ನಾನು ಬಾಕಿ ಅಂತ ಬಾಯಿಬಿಟ್ನಲ್ಲ! ಮೊದಲು ಇದು ಸುಸೂತ್ರವಾಗಿ ಆಗ್ಲಿ, ನಮ್ಮದು ಆಮೇಲೆ. ಹಾಸ್ಟೆಲ್‌ಗೆ ವೈರು ಬೇಕಾದ್ರೆ ಈಗ್ಲೇ ತಗೊಂಡು ಹೋಗು."

ಕೃಷ್ಣಪ್ಪ ವೈರಿನ ಸುರುಳಿಗಳನ್ನು ಆಟೋದಲ್ಲಿ ಹೇರಿಕೊಂಡು ಬಂದು ನನ್ನ ಅಂಗಡಿಯ ಮುಂದೆಯೇ ನಿಲ್ಲಿಸಿದರು. "ನೋಡ್ದಾ? ಬಿಲ್ಲಿಂಗು ಅಂದ್ರೆ ಇದು! ಒಂದ್ ಕಾಗ್ದ ಕೊಟ್ಟಿದ್ದಕ್ಕೆ ಸಾಲ ಕೊಟ್ಟೋನೇ ಎದ್ದು ನಿಂತ್ಕಂಡ!" ಸಂಜೆ ಕಾಲೇಜಿನಲ್ಲಿ ಇಷ್ಟು ಪರಿಣಾಮಕಾರಿ ವಿಧಾನ ನಮಗೆ ಕಲಿಸಿರಲಿಲ್ಲ. ನನ್ನ ಓದಿನ ಮೇಲೆ ನನಗಿದ್ದ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಆ ಭಾನುವಾರಕ್ಕೆ ಇನ್ನೂ ಕೆಲವು ದಿನ ಇರುವಾಗ ಸಾಲಗಾಮೆಯಿಂದ ನಂಜಪ್ಪ ಬಂದರು. ಅನಸೂಯಮ್ಮನ ಅಣ್ಣ. ಗಾಡಿಯಿಂದ ಇಳಿಯುವ ಮೊದಲೇ ಕೂಗು ಶುರುವಾಗಿತ್ತು.

"ಊರಿಗೆಲ್ಲ ಕೊಟ್ಟವ್ನೆ, ನಂಗ್ ಕೊಟ್ಟಿಲ್ಲ! ಅರಕಲಗೂಡಿನೋರು ಬೇಕು, ಚನ್ನರಾಯಪಟ್ಟಣದೋರು ಬೇಕು, ಒಡಹುಟ್ದೋನು ಬ್ಯಾಡ್ವಾ?"

ಕೃಷ್ಣಪ್ಪ ಕಕ್ಕಾಬಿಕ್ಕಿಯಾದರು. ನಂಜಪ್ಪನವರ ಪಂಪ್‌ಸೆಟ್ ಮನೆಗೆ ಅವರು ವೈರಿಂಗ್ ಮಾಡಿದ್ದು ನಿಜ. "ಭಾವ, ನೀವು ನಮ್ಮೋರು. ನಿಮಗೆಲ್ಲ ಕೊಡದು ಸರಿಯಲ್ಲ ಅಂತ ಬುಟ್ಟಿದ್ದೆ."

"ನಮ್ಮೋರು ಅಂತ್ಲೇ ಬುಟ್ಬುಡದಾ? ಮೊದ್ಲು ನಂಗ್ ಕೊಡ್ಬೇಕಿತ್ತು ಕಣಯ್ಯ! ಅದು ನನ್ ಹಕ್ಕು!"

"ನೀವಾಗೇ ಕೇಳ್ತಿದ್ದೀರಲ್ಲ ಭಾವ, ದೊಡ್ಡ ಮನಸ್ಸು ನಿಮ್ದು" ಎಂದು ಕೈಮುಗಿದ ಕೃಷ್ಣಪ್ಪ ಬೀದಿ ದಾಟಿ ಬಂದು, ನನ್ನಿಂದ ನಿಂತ ನಿಲುವಿನಲ್ಲಿ ಒಂದು ಬಿಲ್ಲು ಹೊಡೆಸಿದರು. ಅನಸೂಯಮ್ಮ ಅರಿಶಿನ ಹಚ್ಚಿದರು. ನಂಜಪ್ಪ ಅದನ್ನು ಜೇಬಿಗಿಟ್ಟುಕೊಂಡು, ಸಮಾಧಾನವಾಗಿ, "ಸೀರೆ ನಂದು, ಓಲೆ ನಂದು, ಅದ್ರ ಯೋಚ್ನೆ ಬ್ಯಾಡ" ಎಂದು ಹೊರಟರು. ಬಿಲ್ಲಿಗೆ ಸೀರೆ ಯಾಕೆ ಕೊಡುತ್ತಾರೆಂದು ಗಂಡ ಹೆಂಡತಿ ಸ್ವಲ್ಪ ಹೊತ್ತು ಚರ್ಚಿಸಿ, ಹಣದ ಬದಲು ವಸ್ತು ಕೊಡುತ್ತಾರೇನೋ ಎಂದುಕೊಂಡರು.

ಭಾನುವಾರ ಬಂತು. ಕೃಷ್ಣಪ್ಪ ಪಡಸಾಲೆಯಲ್ಲಿ ಮೇಜು ಹಾಕಿ, ಇದ್ದುದರಲ್ಲಿ ಜರಿ ದೊಡ್ಡದಾಗಿದ್ದ ಶಲ್ಯ ಹೊದ್ದು, ರಸೀದಿ ಪುಸ್ತಕ ಇಟ್ಟುಕೊಂಡು ಕುಳಿತರು. ಪಕ್ಕದಲ್ಲಿ ಫೋನಿನಿಂದ ಹಣ ಹಾಕಿದರೆ ಮೊತ್ತವನ್ನು ಗಟ್ಟಿಯಾಗಿ ಕೂಗಿ ಹೇಳುವ ಒಂದು ಡಬ್ಬಿ. ಮದುವೆ ಮನೆಗಳಲ್ಲಿ ಮುಯ್ಯಿ, ಅಂದರೆ ಉಡುಗೊರೆಯ ಹಣ, ಬರೆದುಕೊಳ್ಳುವವರು ಕೂರುವುದು ಹೀಗೆಯೇ ಎಂಬುದು ನನಗೆ ಆಗ ಹೊಳೆಯಲಿಲ್ಲ. ಅನಸೂಯಮ್ಮ ಬಂದವರಿಗೆಂದು ಒಂದು ಫ್ಲಾಸ್ಕ್ ಕಾಫಿ, ಒಂದು ತಟ್ಟೆ ಬಿಸ್ಕತ್ತು ಇಟ್ಟಿದ್ದರು.

ಮೊದಲು ಬಂದವರು ಚಂದ್ರಮೌಳಿ. "ನಿಲ್ಲೋಕಾಗಲ್ಲ ಕೃಷ್ಣಪ್ಪ, ಸಕಲೇಶಪುರದಲ್ಲೂ ಒಂದಿದೆ" ಎಂದು ಒಂದು ಲಕೋಟೆ ಕೈಗಿತ್ತು, ಒಂದು ಲೋಟ ಕಾಫಿ ಕುಡಿದು, ಹೊರಟೇಹೋದರು. ತೆರೆದರೆ ಎರಡು ಸಾವಿರದ ಒಂದು ರೂಪಾಯಿ. ಕೃಷ್ಣಪ್ಪ ನನ್ನ ಮುಖ ನೋಡಿದರು. "ನಾನು ಅವ್ರಿಗೆ ಕೊಡ್ಬೇಕು. ಅವ್ರ್ ಯಾಕ್ ನಂಗ್ ಕೊಟ್ರು?" ಬಿ.ಕಾಂ. ಪುಸ್ತಕಗಳನ್ನು ಮನಸ್ಸಿನಲ್ಲೇ ತಿರುವಿ ಹಾಕಿದೆ. ಸಾಲ ತೆಗೆದುಕೊಂಡವನಿಗೆ ಸಾಲ ಕೊಟ್ಟವನೇ ಬಂದು ಹಣ ಕೊಟ್ಟು ಹೋಗುವ ಅಧ್ಯಾಯ ಎಲ್ಲೂ ಇರಲಿಲ್ಲ. "ರಸೀದಿ ಹರೀರಿ ಅಣ್ಣ, ಆಮೇಲೆ ನೋಡಣ" ಎಂದೆ.

ಆಮೇಲೆ ನೋಡಲು ಪುರುಸೊತ್ತಾಗಲಿಲ್ಲ. ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ, ನಮ್ಮೂರಿನಿಂದಲೇ, ಮಕ್ಕಳು ಮರಿ ಕಟ್ಟಿಕೊಂಡು, ಜರಿ ಸೀರೆ ಉಟ್ಟುಕೊಂಡು ಜನ ಬಂದರು. ಮೇಜಿನ ಮುಂದೆ ಸಾಲು ನಿಂತಿತು. ಐನೂರ ಒಂದು, ಸಾವಿರದ ಒಂದು, ಇನ್ನೂರ ಒಂದು. ಕೃಷ್ಣಪ್ಪ ಹೆಸರು, ಊರು, ಮೊತ್ತ ಬರೆದು ಪ್ರತಿಯೊಬ್ಬರಿಗೂ ರಸೀದಿ ಕೊಟ್ಟರು. ಮುಯ್ಯಿಗೆ ರಸೀದಿ ಕೊಟ್ಟದ್ದನ್ನು ಯಾರೂ ಎಲ್ಲೂ ಕಂಡಿರಲಿಲ್ಲ. "ಕಂಟ್ರಾಕ್ಟರು ನೋಡಿ, ನೀಟು" ಎಂದು ಮೆಚ್ಚಿ ಜೇಬಿಗಿಟ್ಟುಕೊಂಡರು.

ಕೃಷ್ಣಪ್ಪ ನನ್ನ ಕಿವಿಯಲ್ಲಿ ಕೇಳಿದರು: "ಬಿಲ್ಲಲ್ಲಿರದು ಸಾವಿರಾರು. ಇವ್ರು ಇಷ್ಟಿಷ್ಟೇ ಕೊಡ್ತಾವ್ರೆ. ಅದ್ರ ಮೇಲೆ ಎಲ್ಲಾರೂ ಒಂದೊಂದ್ ರೂಪಾಯಿ ಯಾಕ್ ಸೇರಿಸ್ತಾವ್ರೆ?"

"ಬಡ್ಡಿ ಇರಬೇಕು ಅಣ್ಣ" ಎಂದೆ.

"ನಾನು ಬಡ್ಡಿ ಕೇಳಿರ್ನಿಲ್ವಲ್ಲ, ಪಾಪ" ಎಂದು ಅವರು ರಸೀದಿ ಪುಸ್ತಕದ ಅಂಚಿನಲ್ಲಿ 'ಬಡ್ಡಿ' ಎಂದು ಒಂದು ಸಾಲು ತೆರೆದರು.

ಹೊರಗೆ ಮಾತು ಬೇರೆಯಿತ್ತು. "ಚಪ್ಪರ ಎಲ್ಲಿ?" "ಈಗೆಲ್ಲ ಸಿಂಪಲ್ಲಂತೆ ಕಣವ್ವ." "ಸಿಂಪಲ್ ಅಂದ್ರೆ ಬಾಳೆಕಂಬನೂ ಕಟ್ಟಲ್ವಾ?" "ಅಡಿಗೆ ವಾಸ್ನೆನೂ ಬತ್ತಿಲ್ಲ." "ಬಿಸ್ಕೀಟು ಮಡ್ಗವ್ರೆ!" ಅಷ್ಟರಲ್ಲಿ ನಂಜಪ್ಪ ತಟ್ಟೆಯಲ್ಲಿ ಧಾರೆ ಸೀರೆ ಹಿಡಿದು, ಹಿಂದೆ ಸಾಲಗಾಮೆಯ ಹೆಂಗಸರನ್ನು ಸಾಲಾಗಿ ಕರೆದುಕೊಂಡು ಒಳಬಂದರು.

ಒಳಕೋಣೆಯಲ್ಲಿ ನಿಸರ್ಗ ತಲೆಗೆ ಎಣ್ಣೆ ಹಚ್ಚಿಕೊಂಡು, ನೈಟಿ ಹಾಕಿಕೊಂಡು ಓದುತ್ತಿದ್ದಳು. ಪಾರ್ವತಮ್ಮ ಹಸಿರು ಬಳೆ ಹಿಡಿದು ನುಗ್ಗಿದವರು ಬಾಗಿಲಲ್ಲೇ ನಿಂತರು.

"ಅಯ್ಯೋ ನನ್ ಮಗಳೇ, ಇನ್ನೂ ರೆಡಿ ಆಗಿಲ್ವಾ?"

"ಎಲ್ಲಿಗೆ ಆಂಟಿ?"

"ಎಲ್ಲಿಗೆ ಅಂತೀಯಲ್ಲ, ನಿನ್ ಮದ್ವೆ ಕಣವ್ವ!"

"ನಂದಾ? ಯಾವತ್ತು?"

"ಇವತ್ತು. ಹತ್ತರ ಮೇಲೆ."

ನಿಸರ್ಗ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದಾಗುತ್ತಿತ್ತು. ಮುಂದಿನ ಕ್ಷಣ ಎಣ್ಣೆ ತಲೆಯಲ್ಲೇ ಪಡಸಾಲೆಗೆ ಬಂದಳು. "ಅಪ್ಪಾ! ನಂಗ್ ಮದ್ವೆಯಂತೆ! ನಾಳೆ ನಂಗ್ ಇಂಟರ್ನಲ್ಸ್ ಐತೆ!"

"ಮದ್ವೆನಾ?" ಎಂದರು ಕೃಷ್ಣಪ್ಪ, ಪೆನ್ನು ಕೆಳಗಿಡುತ್ತಾ. "ಯಾರ್ದು?"

"ಕೇಳುಸ್ಕಂಡ್ರಾ? ಹೆಣ್ಣಿನಪ್ಪ ಯಾರ್ದು ಮದ್ವೆ ಅಂತ ಕೇಳ್ತಾವ್ನೆ!" ಎಂದು ನಂಜಪ್ಪ ಸೀರೆಯ ತಟ್ಟೆಯನ್ನು ಮೇಜಿಗೆ ಕುಕ್ಕಿದರು. "ನಮ್ಮನ್ನೆಲ್ಲ ಕರ್ದು ಆಟ ಆಡ್ಸ್ತಿದ್ದೀಯೇನಯ್ಯ?"

"ನಾನೆಲ್ಲಿ ಕರ್ದೆ ಭಾವ? ದುಡ್ಡು ಕೇಳ್ದೆ ಅಷ್ಟೆ!"

"ದುಡ್ಡು ಕೇಳಿ ಮದ್ವೆ ಮಾಡ್ತೀಯಾ?"

ಲಕ್ಕಯ್ಯನವರು ಕೈ ಎತ್ತಿದರು. "ಎಲ್ಲಾರೂ ಸುಮ್ಕಿರಿ. ಮಾತ್ಯಾಕೆ? ದಾಖಲೆ ಐತಲ್ಲ." ಜೇಬಿನಿಂದ ಕವರು ತೆಗೆದು, ಗಣಪತಿಗೆ ಕೈಮುಗಿದು, ಒಳಗಿನ ಹಾಳೆ ಬಿಡಿಸಿ, ಕನ್ನಡಕ ಏರಿಸಿ, ಕೋರ್ಟಿನಲ್ಲಿ ಕೂಗುವ ಧ್ವನಿಯಲ್ಲಿ ಓದತೊಡಗಿದರು:

"ಶ್ರೀ ಲಕ್ಕಯ್ಯನವರಿಗೆ. ತಮ್ಮ ಮನೆಯ ಕೆಲಸದ ವಿವರ. ಒಂದು: ದೇವರ ಮನೆಯ ಬಲ್ಬನ್ನು ಪೂರ್ವಕ್ಕೆ ಹಾಕಿದ್ದು. ಎರಡು: ಯಜಮಾನಿಯವರು ಹೇಳಿದ್ದರಿಂದ ಸದರಿ ಬಲ್ಬನ್ನು ಈಶಾನ್ಯಕ್ಕೆ ಸರಿಸಿದ್ದು. ಮೂರು: ಯಜಮಾನರು ಬಂದು ಬೈದಿದ್ದರಿಂದ ವಾಪಸು ಪೂರ್ವಕ್ಕೆ ಸರಿಸಿದ್ದು. ನಾಲ್ಕು: ಮಲಗುವ ಕೋಣೆಯ ಫ್ಯಾನು ರಾತ್ರಿ ಸದ್ದು ಮಾಡುತ್ತದೆಂದು ಕರೆಸಿ, ಪರಿಶೀಲಿಸಲಾಗಿ, ಸದ್ದು ಫ್ಯಾನಿನದಲ್ಲ, ಯಜಮಾನರ ಗೊರಕೆಯದೆಂದು..."

ಲಕ್ಕಯ್ಯನವರ ಧ್ವನಿ ಅಲ್ಲಿಗೆ ನಿಂತಿತು. ಆದರೆ ಕೋರ್ಟಿನ ಅಭ್ಯಾಸ ದೊಡ್ಡದು. ಅವರು ಸಾಲನ್ನು ಮುಗಿಸಿದರು: "...ತಿಳಿದುಬಂದಿದ್ದು. ಹೋಗಿಬಂದ ಖರ್ಚು ಮಾತ್ರ."

ಮೊದಲು ನಕ್ಕವರು ಪಾರ್ವತಮ್ಮ. ಬಳೆಗಳನ್ನು ಮಡಿಲಿಗೆ ಹಾಕಿಕೊಂಡು ನೆಲದ ಮೇಲೆ ಕುಳಿತೇ ನಕ್ಕರು. "ನಾನ್ ಅವತ್ತೇ ಬಡ್ಕಂಡೆ, ಫ್ಯಾನಿಂದಲ್ಲ ಅಂತ! ಈಗ ಬರ್ವಣಿಗೇಲಿ ಬಂತು!" ಆಮೇಲೆ ಮನೆಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅನಿಲ್‌ಕುಮಾರ್. ಅದೇ ಅವನು ಮಾಡಿದ ತಪ್ಪು.

"ನಗ್ತೀಯೇನಪ್ಪ? ಕೊಡು ನಿಂದೂ, ಓದಾನ" ಎಂದು ಲಕ್ಕಯ್ಯನವರು ಕೈ ಚಾಚಿದರು. ಹಿರಿಯರು ಕೈ ಚಾಚಿದಾಗ ಕೊಡದೆ ಇರುವುದು ಹೇಗೆ? ಕೊಟ್ಟುಬಿಟ್ಟ.

"ಒಂದು: ಎದುರುಮನೆಗಿಂತ ಒಂದು ದೀಪವಾದರೂ ಜಾಸ್ತಿ ಇರಬೇಕೆಂದು ಹೇಳಿದ್ದರಿಂದ ಗೇಟಿಗೆ ಹೆಚ್ಚಿನ ದೀಪ ಹಾಕಿದ್ದು. ಎರಡು: ಎದುರುಮನೆಯವರು ಇನ್ನೂ ಎರಡು ಹಾಕಿಸಿದ್ದರಿಂದ..."

ಎದುರುಮನೆಯವರೂ ಬಂದಿದ್ದರು. ಅವರ ಕೆಲಸ ಮಾಡಿದವರೂ ಕೃಷ್ಣಪ್ಪನವರೇ. ಬಿಲ್ಲಿನಲ್ಲಿ ಇನ್ನೂ ಒಂದು ಪುಟವಿತ್ತು. ಅನಿಲ್‌ಕುಮಾರ್ ಲಕ್ಕಯ್ಯನವರ ಹೆಗಲ ಮೇಲಿಂದ ಬಗ್ಗಿ ಕಡೆಯ ಮೊತ್ತ ನೋಡಿದವನೇ ಫೋನು ತೆಗೆದ. ಮೇಜಿನ ಮೇಲಿದ್ದ ಡಬ್ಬಿ ಇಡೀ ಬೀದಿಗೆ ಕೇಳುವಂತೆ ಕೂಗಿತು: "ಮೂವತ್ತೆಂಟು ಸಾವಿರದ ನಾನೂರು ರೂಪಾಯಿ ಸ್ವೀಕರಿಸಲಾಗಿದೆ!"

"ಸಾಕು ಬುಡಿ ಸಾ, ಮುಗೀತು" ಎಂದು ಅವನು ಹಾಳೆಯನ್ನು ಕಿತ್ತುಕೊಂಡ.

"ಆಯ್ತು. ಮುಂದಿಂದು ಯಾರ್ದು?" ಎಂದು ಲಕ್ಕಯ್ಯನವರು ತಲೆಯೆತ್ತಿ ಸುತ್ತ ನೋಡಿದರು.

ಆ ಒಂದು ನೋಟಕ್ಕೆ ಪಡಸಾಲೆಯಲ್ಲಿ ನಡೆದದ್ದನ್ನು ಯಾವ ವಸೂಲಿ ಅಧಿಕಾರಿಯೂ ತನ್ನ ಆಯುಷ್ಯದಲ್ಲಿ ಕಂಡಿರಲಾರ. ಎಲ್ಲರೂ ಗೋಡೆಯ ಕಡೆ ತಿರುಗಿಕೊಂಡು ತಮ್ಮ ತಮ್ಮ ಕವರು ಬಿಚ್ಚಿದರು, ತರದವರು ಮನೆಗೆ ಫೋನು ಮಾಡಿ ಟಿವಿಯ ಹಿಂದಿನಿಂದ ತೆಗೆಸಿ ಓದಿಸಿಕೊಂಡರು, ಓದುತ್ತಾ ಕೆಂಪಗಾದರು. ಯಾರ ಮನೆಯಲ್ಲಿ ಯಾವ ಸ್ವಿಚ್ಚು ಯಾರ ಅತ್ತೆ ಬಂದಾಗ ಎಷ್ಟು ಸಲ ಸ್ಥಳ ಬದಲಾಯಿಸಿತೆಂಬುದು ಅದರಲ್ಲಿ ಸವಿವರವಾಗಿತ್ತು. ನಾನೇ ಟೈಪು ಮಾಡಿದ್ದು, ನನಗೆ ಗೊತ್ತು. ಫೋನುಗಳು ಹೊರಬಂದವು. ಡಬ್ಬಿ ಒಂದು ಮೊತ್ತವನ್ನು ಕೂಗಿ ಮುಗಿಸುವ ಮೊದಲೇ ಇನ್ನೊಂದನ್ನು ಕೂಗತೊಡಗಿತು. ನಂಜಪ್ಪ ಬಾಗಿಲ ಮೂಲೆಯಲ್ಲಿ ನಿಂತು ತಮ್ಮ ಕವರನ್ನು ಓದಿ, ಹೆಂಡತಿಯ ಕಡೆ ಒಮ್ಮೆ ಕದ್ದು ನೋಡಿ, ಪೂರ್ತಿ ಹಣವನ್ನು ಕೃಷ್ಣಪ್ಪನವರ ಅಂಗೈಗೆ ತುರುಕಿದರು. ಪಂಪ್‌ಸೆಟ್ ಮನೆಯಲ್ಲಿ ಹೆಂಡತಿಗೆ ಗೊತ್ತಾಗದಂತೆ ಟಿವಿ ಪಾಯಿಂಟ್ ಹಾಕಿದ್ದು ಎಂಬ ಸಾಲು ಅದರಲ್ಲಿತ್ತು.

ಈ ಗದ್ದಲದ ನಡುವೆ ಚಿಕ್ಕಲಕ್ಷ್ಮಮ್ಮ ಕೋಲೂರಿಕೊಂಡು ಬಂದು ಮಗನ ತಲೆಯ ಮೇಲೆ ಮೊಟಕಿದರು. "ನಿನ್ ಬಿಲ್ಲು ಮನೆ ಹಾಳಾಗ. ಜನ ಮದ್ವೆ ಅಂತ ಬಂದವ್ರೆ, ಬಿಸ್ಕೀಟು ತಿನ್ಸಿ ಕಳಿಸ್ತೀಯೇನ್ಲಾ? ಒಲೆ ಹಚ್ಚಿ!" ಸಾಲಗಾಮೆಯ ಹೆಂಗಸರು ಸೆರಗು ಸಿಕ್ಕಿಸಿದರು. ಚಿತ್ರಾನ್ನ, ಪಾಯಸ ಆಯಿತು. ನನ್ನ ಅಂಗಡಿಯ ಕಾಗದ ಹಾಸಿ ಬೀದಿಯಲ್ಲೇ ಪಂಕ್ತಿ ಹಾಕಿದೆವು. ನಿಸರ್ಗ ನೈಟಿಯ ಮೇಲೆ ಧಾರೆ ಸೀರೆ ಹೊದ್ದುಕೊಂಡು, ಒಂದು ಕೈಯಲ್ಲಿ ನೋಟ್ಸು ಹಿಡಿದು, ಇನ್ನೊಂದು ಕೈಯಲ್ಲಿ ಪಾಯಸ ಬಡಿಸಿದಳು.

ಊಟವಾದ ಮೇಲೆ ಕೃಷ್ಣಪ್ಪ, ಬೆಳಿಗ್ಗೆ ಬಂದ ಮುಯ್ಯಿಯ ಹಣವನ್ನು ಹಿಂದಿರುಗಿಸಲು ತಟ್ಟೆಯಲ್ಲಿಟ್ಟು ತಂದರು. ಬಿಲ್ಲಿನ ಹಣ ಪೂರ್ತಿ ಬಂದಿತ್ತು, ಇದು ಹೆಚ್ಚುವರಿ.

"ಮುಯ್ಯಿ ವಾಪಸ್ ಇಸ್ಕಳದಾ? ಬುಡ್ತು ಅನ್ನಿ" ಎಂದು ಪಾರ್ವತಮ್ಮ ಎರಡೂ ಕೈ ಹಿಂದೆ ಕಟ್ಟಿಕೊಂಡರು.

ಲಕ್ಕಯ್ಯನವರು ತೀರ್ಪು ಕೊಟ್ಟರು. "ಬಿಲ್ಲು ಬಿಲ್ಲೇ, ಮುಯ್ಯಿ ಮುಯ್ಯೇ. ನಾವು ನಿನ್ ಮಗಳ ಮದ್ವೆಗೆ ಅಂತ ಕೊಟ್ಟಿದ್ದೀವಿ, ನೀನು ರಸೀದಿ ಕೊಟ್ಟಿದ್ದೀಯ. ಮದ್ವೆ ಯಾವತ್ತಾರ ಆಗ್ಲಿ, ಈ ಚೀಟಿ ತಂದು ತೋರುಸ್ತೀವಿ. ಅವತ್ತು ಮತ್ತೆ ಕೊಡಂಗಿಲ್ಲ." ಎಲ್ಲರೂ ರಸೀದಿ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡು ಮನೆಗೆ ಹೋದರು.

ಸೋಮವಾರ ಕೃಷ್ಣಪ್ಪ ಹಾಸನಕ್ಕೆ ಹೋಗಿ ಚಂದ್ರಮೌಳಿಯವರ ಬಾಕಿಯನ್ನು ಪೈಸೆ ಉಳಿಸದೆ ತೀರಿಸಿದರು. ಅವರು ಎಣಿಸದೆ ಗಲ್ಲಾಕ್ಕೆ ಹಾಕಿಕೊಂಡು, "ಮದುವೆ ಖರ್ಚಿನಲ್ಲೂ ನನ್ನ ನೆನಪಿಟ್ಟುಕೊಂಡೆಯಲ್ಲ" ಎಂದು ಕೈ ಹಿಡಿದರಂತೆ. "ಅಳಿಯಂದ್ರು ಹೇಗಿದ್ದಾರೆ?" ಎಂದು ಕೇಳಿದರಂತೆ. ನಿಜ ಹೇಳಲು ಕೃಷ್ಣಪ್ಪ ಬಾಯಿ ತೆರೆದರು. ಹಿಂದೆ ಗಿರಾಕಿಗಳು ಸಾಲು ನಿಂತಿದ್ದರು. "ಸದ್ಯಕ್ಕೆ ಏನೂ ತೊಂದ್ರೆ ಕೊಡ್ತಿಲ್ಲ ಸಾ" ಎಂದು ಹೇಳಿ ಬಂದುಬಿಟ್ಟರು. ಹಾಸ್ಟೆಲ್ ಕೆಲಸ ಈಗ ಮುಗಿಯುತ್ತಾ ಬಂದಿದೆ, ನಿಸರ್ಗಳ ಫೀಸು ಕಟ್ಟಿಯಾಗಿದೆ. ಕೃಷ್ಣಪ್ಪನವರು ಈಗ ಕೆಲಸ ಮುಗಿದ ದಿನವೇ ಬಿಲ್ಲು ಕೊಡುತ್ತಾರೆ, ಬಿಳಿ ಕವರಿನಲ್ಲಿ. ವಿವರ ಎಷ್ಟು ಬರೆಯಲಿ ಎಂದು ಮಾತ್ರ ಮನೆಯವರನ್ನು ಮೊದಲೇ ಕೇಳುತ್ತಾರೆ. ಅಷ್ಟು ಕೇಳಿದರೆ ಸಾಕು, ಹಣ ಅಲ್ಲೇ ಬರುತ್ತದೆ.

ನನಗೆ ಗೊತ್ತಿರುವುದು ಇಷ್ಟು. ಗೊತ್ತಿಲ್ಲದ್ದನ್ನೂ ಹೇಳಿಬಿಡಬೇಕು. ಚಂದ್ರಮೌಳಿಯವರಿಗೆ ಇದುವರೆಗೆ ನಿಜ ತಿಳಿದಿದೆಯೋ ಇಲ್ಲವೋ ಗೊತ್ತಿಲ್ಲ, ಮೊನ್ನೆ ಸೀಮಂತ ಯಾವಾಗ ಎಂದು ಕೇಳಿದರಂತೆ. ರಸೀದಿ ಪುಸ್ತಕದಲ್ಲಿರುವ 'ಬಡ್ಡಿ'ಯ ಒಂದೊಂದು ರೂಪಾಯಿಗಳನ್ನು ಯಾವ ಲೆಕ್ಕಕ್ಕೆ ಹಾಕಬೇಕೆಂಬುದೂ ನನಗೆ ಗೊತ್ತಿಲ್ಲ. ಇನ್ನು ನಿಸರ್ಗಳ ಮದುವೆ ಎಂದಾದರೂ ಆಗಿಯೇ ಆಗುತ್ತದೆ, ಪತ್ರಿಕೆಯನ್ನು ನಾನೇ ಅಚ್ಚು ಹಾಕಬೇಕಾಗುತ್ತದೆ. ಅದನ್ನು ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ತಟ್ಟೆಯಲ್ಲಿಟ್ಟುಕೊಂಡು ಗಂಡ ಹೆಂಡತಿ ಹೊರಟಾಗ, ಜನ ರಸೀದಿ ಹುಡುಕಿಕೊಂಡು ಮದುವೆಗೆ ಬರುತ್ತಾರೋ, ಇಲ್ಲ ಕಿಟಕಿಯಲ್ಲಿ ಇಣುಕಿ ನೋಡಿ ಬಾಗಿಲು ಹಾಕಿಕೊಳ್ಳುತ್ತಾರೋ, ಅದು ನನಗೆ ನಿಜವಾಗಿಯೂ ಗೊತ್ತಿಲ್ಲ.